ವಿಶ್ವ ಹಿಗ್ಗಿದರೂ ಹಿಗ್ಗದ ಸೈಟು

ಎದುರಿನ ಖಾಲಿ ಸೈಟಿನಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಕಿಟಕಿ ತೆಗೆದರೆ ಸಾಕು, ನೀರು ಕುಡಿದ ಹಸಿ ಸಿಮೆಂಟಿನ ವಾಸನೆ ಒಳಗೆ ಬರುತ್ತದೆ. ಬೇರೆಯವರಿಗೆ ಅದರಿಂದ ಗೃಹಪ್ರವೇಶದ ಊಟ ನೆನಪಾಗಬಹುದು. ನನಗೆ ವಿಶ್ವ ಹಿಗ್ಗುತ್ತಿರುವುದು ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ಎಪ್ಪತ್ತರ ದಶಕದ ಮಾತು. ನಾನು ರಾಜಾಜಿನಗರದಲ್ಲಿ ಅಕ್ಕ-ಭಾವನ ಬಾಡಿಗೆ ಮನೆಯಲ್ಲಿದ್ದುಕೊಂಡು, ಹೊಸದಾಗಿ ಸಿಕ್ಕಿದ ಗುಮಾಸ್ತೆ ಕೆಲಸ ಯಾವಾಗ ಕೈಬಿಟ್ಟು ಹೋಗುತ್ತದೋ ಎಂದು ಚಿಂತಿಸುತ್ತಿದ್ದೆ. ಕೆಲಸ ನಿವೃತ್ತಿಯವರೆಗೂ ಹೋಗಲಿಲ್ಲ, ಚಿಂತೆ ಇವತ್ತಿಗೂ ಹೋಗಿಲ್ಲ. ಭಾವ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು. ತರಗತಿಯಲ್ಲಿ ಹುಡುಗರು ಆಕಳಿಸುತ್ತಿದ್ದುದರಿಂದ ಪಾಠದ ಮುಕ್ಕಾಲು ಭಾಗ ಮನೆಗೇ ವಾಪಸು ಬರುತ್ತಿತ್ತು. ಅಕ್ಕ ಅಕ್ಕಿ ಆರಿಸುತ್ತ "ಹೂಂ, ಹೂಂ" ಅನ್ನುತ್ತಿದ್ದಳು. ಆ ಹೂಂಕಾರದ ಹಿಂದೆ ಕಿವಿಯೂ ಇತ್ತೆಂಬುದು ನಮಗಾರಿಗೂ ಗೊತ್ತಿರಲಿಲ್ಲ.

ಅವರಿಗೆ ವಿಜಯನಗರದಲ್ಲಿ ಮೂವತ್ತು-ನಲವತ್ತರ ಒಂದು ಸೈಟಾಯಿತು. ಮನೆಯ ವಿಚಾರದಲ್ಲಿ ಅಕ್ಕನದು ಒಂದೇ ಷರತ್ತು: ಅಡುಗೆಮನೆಯಲ್ಲಿ ಇಬ್ಬರು ಡಿಕ್ಕಿ ಹೊಡೆಯದೆ ತಿರುಗಾಡುವಂತಿರಬೇಕು. ಬಾಡಿಗೆ ಮನೆಯಲ್ಲಿ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ಹೋಗಬೇಕಾಗಿತ್ತು. ಮೇಸ್ತ್ರಿ ಅಳೆದು ನೋಡಿ, "ಆಗುತ್ತಮ್ಮ, ಆದ್ರೆ ಒಂದಡಿ ಕಮ್ಮಿಯಾದ್ರೂ ಆಗಲ್ಲ" ಎಂದಿದ್ದ.

ಪಕ್ಕದ ಸೈಟು ದಾವಣಗೆರೆ ಕಡೆಯ ಬಟ್ಟೆ ವ್ಯಾಪಾರಿ ಗುರುಸಿದ್ದಪ್ಪನವರದು. ಅವರ ಪಾಯ ಆಗಲೇ ಶುರುವಾಗಿತ್ತು. ಭಾನುವಾರ ಕೆಲಸ ನೋಡಿಕೊಳ್ಳಲು ಬಂದು, ಸೈಜುಗಲ್ಲಿನ ರಾಶಿಯ ಮೇಲೆ ಕೂರುತ್ತಿದ್ದರು. ಎದ್ದು ಹೋಗಲಾರದ ಶ್ರೋತೃ! ಭಾವನಿಗೆ ಇನ್ನೇನು ಬೇಕು?

ಭಾವ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಒಂದು ಕಾಲಕ್ಕೆ ವಿಶ್ವ ಇದ್ದ ಹಾಗೇ ಇದೆಯೆಂದು ದೊಡ್ಡದೊಡ್ಡವರೂ ನಂಬಿದ್ದರಂತೆ. ಒಬ್ಬ ಮಹಾವಿಜ್ಞಾನಿಯ ಲೆಕ್ಕ ಮಾತ್ರ "ಇದು ನಿಲ್ಲೋದಿಲ್ಲ" ಎಂದು ಹಟ ಹಿಡಿಯಿತು. ಆತ ಅದಕ್ಕೊಂದು ಹೆಚ್ಚಿನ ಪದ ಸೇರಿಸಿ, ಊರುಗೋಲು ಕೊಟ್ಟ ಹಾಗೆ ವಿಶ್ವವನ್ನು ನಿಲ್ಲಿಸಿದ. ನನಗೆ ಆತ ಬಹಳ ಬೇಕಾದವನೆನಿಸಿದ. ನಾನಾಗಿದ್ದರೆ ಎರಡು ಊರುಗೋಲು ಕೊಡುತ್ತಿದ್ದೆ.

ಆದರೆ ದುರ್ಬೀನಿನವರು ಸುಮ್ಮನಿರಬೇಕಲ್ಲ! ದೂರದ ಗೆಲಾಕ್ಸಿಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರು. ಅದರಲ್ಲಿ ಕಪ್ಪು ಗೆರೆಗಳಿರುತ್ತವೆ. ಯಾವ ಗೆರೆ ಎಲ್ಲಿರಬೇಕೆಂದು ಮೊದಲೇ ಗೊತ್ತು. ಹೆಚ್ಚಿನವುಗಳಲ್ಲಿ ಆ ಗೆರೆಗಳು ಕೆಂಪಿನ ಕಡೆ ಸರಿದಿದ್ದವು. ಅಷ್ಟು ಹೇಳುವಾಗ ಸರಿಯಾಗಿ ಮೈಸೂರಿನ ರೈಲು ಕೂಗಿಕೊಂಡು ಹೋಯಿತು. ಭಾವ ಬೆರಳೆತ್ತಿ, "ಕೇಳಿ ಸಾಹುಕಾರ್ರೇ! ದೂರ ಹೋಗ್ತಾ ಕೂಗು ದಪ್ಪ ಆಯ್ತಲ್ಲ? ಬೆಳಕೂ ಹಾಗೇ, ದೂರ ಹೋಗೋದರದ್ದು ಕೆಂಪಾಗುತ್ತೆ" ಎಂದರು.

"ಅದು ಎಷ್ಟು ದೂರ ಐತಿ ಅಂತ ಹೆಂಗ್ ಗೊತ್ತಾತ್ರಿ? ಟೇಪು ಹಿಡಿಯಾಕ ಆಗಂಗಿಲ್ಲಲ್ಲ?" ಎಂದರು ಗುರುಸಿದ್ದಪ್ಪ.

ಭಾವನ ಮುಖ ಅರಳಿತು. ವೀಕ್ಷಣಾಲಯದಲ್ಲಿ ಕೂತು ಫೋಟೋಗಳನ್ನು ಪರೀಕ್ಷಿಸುತ್ತಿದ್ದ ಒಬ್ಬ ಹೆಂಗಸು, ಬೆಳಗಿ ಮಂಕಾಗುವ ಕೆಲವು ನಕ್ಷತ್ರಗಳ ಗುಟ್ಟು ಹಿಡಿದಳಂತೆ: ನಿಧಾನವಾಗಿ ಮಿಡಿಯುವುದು ನಿಜಕ್ಕೂ ಹೆಚ್ಚು ಪ್ರಕಾಶದ್ದು. ಅಂಥದ್ದು ಒಂದು ಗೆಲಾಕ್ಸಿಯೊಳಗೆ ಮಂಕಾಗಿ ಕಂಡರೆ ಆ ಗೆಲಾಕ್ಸಿ ಬಹಳ ದೂರದಲ್ಲಿದೆ ಎಂದರ್ಥ. ಆ ದೂರವನ್ನೂ ಗೆರೆಗಳ ಸರಿದಾಟವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ದೂರವಿದ್ದಷ್ಟೂ ಓಟ ಜೋರು! ಹಾಗಂತ ನಾವು ನಡುಮಧ್ಯದಲ್ಲಿ ಇದ್ದೇವೆಂದಲ್ಲ; ಎಲ್ಲಿ ನಿಂತರೂ ಹಾಗೇ ಕಾಣುತ್ತದೆ. ನಡುವಿನ ಜಾಗವೇ ಹಿಗ್ಗುತ್ತಿದೆ. ಊರುಗೋಲು ಕೊಟ್ಟ ಮಹಾನುಭಾವ ಅದನ್ನು ಹಿಂದಕ್ಕೆ ತೆಗೆದುಕೊಂಡ.

ನಮ್ಮ ಗುದ್ದಲಿಪೂಜೆಯ ದಿನ ಬಂತು. ಎರಡು ಸೈಟುಗಳ ನಡುವಿನ ಎಲ್ಲೆಕಲ್ಲಿಗೆ ಅಕ್ಕ ಅರಿಶಿನ ಹಚ್ಚಲು ಹೋದವಳು ಅಲ್ಲೇ ನಿಂತಳು. "ಟೇಪು ಹಿಡಿಯೋ" ಎಂದಳು. ಹಿಡಿದೆ. ಅಗಲ ಒಂದಡಿ ಕಮ್ಮಿ! ಟೇಪೇ ಕುಗ್ಗಿರಬಹುದೆಂದು ನಾನು ಗಾಬರಿಯಲ್ಲಿ ಮತ್ತೆ ಅಳೆದೆ. ಟೇಪು ಸರಿಯಿತ್ತು. ಕಲ್ಲಿನ ಬುಡದ ಮಣ್ಣು ಹೊಸದಾಗಿತ್ತು.

"ಸಾಹುಕಾರ್ರೇ, ಈ ಕಲ್ಲು ಸರಿದಿದೆ" ಎಂದಳು ಅಕ್ಕ.

ಗುರುಸಿದ್ದಪ್ಪನವರು ಎಲೆಯಡಿಕೆ ಒಂದು ಕಡೆಗೆ ಒತ್ತರಿಸಿಕೊಂಡರು. "ಸರಿದೈತಿ ತಂಗಿ, ಇಲ್ಲ ಅನ್ನಂಗಿಲ್ಲ. ಆದ್ರ ಯಾರೂ ಸರಿಸಿಲ್ಲ. ಮೇಷ್ಟ್ರೇ ಹೇಳ್ಯಾರಲ್ಲ, ನಡುವಿನ ಜಾಗನ ಹಿಗ್ಗತೈತಿ ಅಂತ. ನನ್ನ ಸೈಟು ಹಿಗ್ಗೈತಿ, ನಾನೇನ್ ಮಾಡ್ಲಿ?"

ನಾನು ಭಾವನ ಮುಖ ನೋಡಿದೆ. ಸಿಟ್ಟಿನ ಬದಲು ಅಲ್ಲಿ ಆನಂದಬಾಷ್ಪ! "ನೋಡಿದೆಯೇನೋ! ಜಾಗ ಹಿಗ್ಗುತ್ತೆ ಅಂದರು, ಕಲ್ಲು ಓಡುತ್ತೆ ಅನ್ನಲಿಲ್ಲ. ನನ್ನ ಎಂಎಸ್ಸಿ ಹುಡುಗರಿಗೇ ಈ ವ್ಯತ್ಯಾಸ ತಿಳಿಯಲ್ಲ!" ಎಂದು ಸಾಹುಕಾರರ ಕೈ ಕುಲುಕಿದರು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಆ ಒಂದಡಿಯನ್ನು ಬಹುಮಾನವಾಗಿ ಕೊಟ್ಟೇಬಿಡುತ್ತಿದ್ದರು.

"ಏನೂಂದ್ರೆ, ಸ್ವಲ್ಪ ಈ ಕಡೆ ಬನ್ನಿ" ಎಂದಳು ಅಕ್ಕ. ಧ್ವನಿ ತಣ್ಣಗಿತ್ತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಸಾಹುಕಾರರ ಕಡೆ ತಿರುಗಿದಳು. "ಅಣ್ಣ, ಹಿಗ್ಗಿದರೆ ಎಲ್ಲಾ ಕಲ್ಲೂ ಒಂದರಿಂದ ಒಂದು ದೂರ ಹೋಗ್ಬೇಕು. ಆಗ ನಮ್ಮ ಸೈಟೂ ಹಿಗ್ಗಬೇಕಿತ್ತು, ಇದು ಕುಗ್ಗಿದೆ. ನಿಮ್ಮ ಆ ಕಡೆ ಕಲ್ಲು ನೋಡಿ, ಪಾಚಿ ಕಟ್ಟಿಕೊಂಡು ಇದ್ದಲ್ಲೇ ಇದೆ. ಒಂದೇ ಒಂದು ಕಲ್ಲು ಸರಿದರೆ ಅದು ವಿಶ್ವದ ಕೆಲಸ ಅಲ್ಲಣ್ಣ, ಹಾರೆ ಕೆಲಸ."

ಮೇಸ್ತ್ರಿ ಕೆಮ್ಮಿದ. ಅಕ್ಕ ಅಷ್ಟಕ್ಕೇ ಬಿಡಲಿಲ್ಲ. "ಇನ್ನೊಂದು. ಹಿಗ್ಗೋದೆಲ್ಲ ದೂರದೂರದ ಗೆಲಾಕ್ಸಿಗಳ ಮಧ್ಯೆ. ಹತ್ತಿರದವು ಒಂದನ್ನೊಂದು ಹಿಡಿದುಕೊಂಡೇ ಇರ್ತವೆ. ಕೇಳಿ ಬೇಕಾದ್ರೆ, ಇವರೇ ಹೇಳಿದ್ದು."

"ಹೌದು," ಎಂದರು ಭಾವ, ಸಣ್ಣ ದನಿಯಲ್ಲಿ. "ಗುರುತ್ವ."

ಗುರುಸಿದ್ದಪ್ಪನವರು ಹೊಟ್ಟೆ ಕುಣಿಯುವಂತೆ ನಕ್ಕರು. "ಏ, ಆ ಹಾರೆ ತಗೊಂಬಾರಲೇ! ಮೇಷ್ಟ್ರ ಕೂಡ ವಾದ ಮಾಡಬಹುದು, ಮೇಷ್ಟ್ರ ಹೆಂಡ್ತಿ ಕೂಡ ಆಗಂಗಿಲ್ಲ" ಎಂದು ತಾವೇ ನಿಂತು ಕಲ್ಲನ್ನು ಹಳೆಯ ಜಾಗಕ್ಕೆ ನೆಡಿಸಿದರು. ಅಕ್ಕ ಅದಕ್ಕೆ ಅರಿಶಿನ ಹಚ್ಚಿ, ಅವರಿಗೂ ಪ್ರಸಾದ ಕೊಟ್ಟಳು. ಭಾವ ಮನೆಗೆ ಬರುವ ದಾರಿಯುದ್ದಕ್ಕೂ ಬೀಗುತ್ತಿದ್ದರು: "ನನ್ನ ಪಾಠ ಇಡೀ ಬೆಂಗಳೂರಿನಲ್ಲಿ ಇಬ್ಬರಿಗೆ ಅರ್ಥವಾಯಿತು ಕಣೋ. ಒಬ್ಬರು ಜಾಗ ತಗೊಂಡರು, ಇನ್ನೊಬ್ಬಳು ವಾಪಸ್ ತಗೊಂಡಳು!"

ಮೊನ್ನೆ ಪತ್ರಿಕೆಯಲ್ಲಿ ಓದಿದೆ: ವಿಶ್ವ ಹಿಗ್ಗುವ ವೇಗವೇ ಹೆಚ್ಚುತ್ತಿದೆಯಂತೆ. ದೂರದ ಗೆಲಾಕ್ಸಿಗಳು ಮುಂದೊಂದು ಕಾಲಕ್ಕೆ ಕಣ್ಣಿಗೇ ಕಾಣದಷ್ಟು ದೂರ ಹೋಗಿಬಿಡುತ್ತವಂತೆ. ನನಗೆ ತಡೆಯಲಾಗಲಿಲ್ಲ, ಬಸ್ಸು ಹಿಡಿದು ಅಕ್ಕನ ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಅಕ್ಕ ಒಗ್ಗರಣೆ ಹಾಕುತ್ತಿದ್ದಳು. ಗುರುಸಿದ್ದಪ್ಪನವರ ಸೊಸೆ ಪಕ್ಕದಲ್ಲೇ ನಿಂತು ರೊಟ್ಟಿ ತಟ್ಟುತ್ತಿದ್ದಳು. ಭಾವ ಬಾಗಿಲಲ್ಲಿ ಕೂತು ಇಬ್ಬರಿಗೂ ಏನೋ ವಿವರಿಸುತ್ತಿದ್ದರು. ನಾನು ಏದುಸಿರಿನಲ್ಲಿ ಸುದ್ದಿ ಹೇಳಿದೆ.

"ಹೋಗೋವು ಹೋಗ್ಲಿ ಬಿಡೋ" ಎಂದಳು ಅಕ್ಕ, ತಿರುಗಿಯೂ ನೋಡದೆ. "ನೀನು ಒಳಗೆ ಬಾ. ಜಾಗ ಇದೆ."

ಒಳಗೆ ಹೋದೆ. ಮೂವರಾದೆವು. ಯಾರಿಗೂ ಯಾರೂ ಡಿಕ್ಕಿ ಹೊಡೆಯಲಿಲ್ಲ.