ಹೊಂಗೆ ಎಣ್ಣೆಯ ಜಾಡು ಹಿಡಿದ ಡಾ. ಪ್ರಫುಲ್ಲಾ

ತಾವು ಬೆಳೆದ ಮುಂಬಯಿಯ ಸಯನ್‌ನ ಚಾಳಿನ ವಠಾರದಲ್ಲಿ ಮಕ್ಕಳಿಗೆ ಕಜ್ಜಿಯಾದರೆ ಅಜ್ಜಿ ಹಚ್ಚುತ್ತಿದ್ದ ಹೊಂಗೆ ಎಣ್ಣೆಯ ಘಾಟು ಡಾ. ಪ್ರಫುಲ್ಲಾ ಅವರ ಮೂಗಿನಿಂದ ಇಂದಿಗೂ ಹೋಗಿಲ್ಲ. ಚರ್ಮದ ಮೇಲೆಯೇ ಮೊದಲು ತಲೆದೋರುವ ಅಪರೂಪದ ಲಿಂಫೋಮಾವನ್ನು, ಅಂದರೆ ಬಿಳಿ ರಕ್ತಕಣಗಳ ಕ್ಯಾನ್ಸರನ್ನು, ಗುರುತಿಸುವುದರಲ್ಲಿ ಮುಂಬಯಿಯ ವೈದ್ಯರು ನೆಚ್ಚಿಕೊಂಡ ಈ ತಜ್ಞೆಗೆ ಒಮ್ಮೆ ದಾರಿ ತೋರಿದ್ದೂ ಅದೇ ಘಾಟು.

ಸೇವೆಗೆ ಸೇರಿದ ದಿನದಿಂದಲೂ ರೋಗಿಯ ಮೈ ಮುಟ್ಟುವ ಮುನ್ನ ಅಂಗೈ ಉಜ್ಜಿ ಬೆಚ್ಚಗಾಗಿಸಿಕೊಳ್ಳುವುದು ಅವರ ರೂಢಿ. ಅವರು ಆಸ್ಪತ್ರೆಯ ಚರ್ಮರೋಗ ವಿಭಾಗದ ಮುಖ್ಯಸ್ಥೆಯಾದ ಮೇಲೆ ಚಿಕಿತ್ಸೆಗೆ ಬಂದವರು ದಾದರಿನ ಹೋಟೆಲೊಂದರ ದೋಸೆ ಮಾಸ್ಟರ್, ಉಡುಪಿ ಕಡೆಯ ಐತ. ಸೊಂಟ, ತೊಡೆಗಳಲ್ಲಿ ವರ್ಷಗಟ್ಟಲೆ ವಾಸಿಯಾಗದ ಕೆಂಪು ಮಚ್ಚೆಗಳು. ಅಂಟುವ ಹುಳುಕಡ್ಡಿಯೆಂದು ಹೆದರಿ ಮಾಲೀಕ ಧನರಾಜ್ ಅವರನ್ನು ಕಾವಲಿಯಿಂದ ಬಿಡಿಸಿ ಉಗ್ರಾಣದಲ್ಲಿ ಮೂಟೆ ಹೊರಲು ಹಾಕಿದ್ದರು. ಜೊತೆಯವರು 'ಮೂಟೆ ಮಾಸ್ಟರ್' ಎಂದು ಛೇಡಿಸುತ್ತಿದ್ದರು. ಕಾವಲಿಗೆ ಮರಳುವುದೊಂದೇ ಐತರ ಆಸೆ. ಪ್ರಫುಲ್ಲಾ ಅವರಿಗೆ ಲಿಂಫೋಮಾದ ಅನುಮಾನ; ಆದರೆ ಚರ್ಮದ ಚೂರು ತೆಗೆದು ಪರೀಕ್ಷಿಸಿದಾಗಲೆಲ್ಲ ಏನೂ ಸಿಗುತ್ತಿರಲಿಲ್ಲ.

ಮುಂದಿನ ಭೇಟಿಯಲ್ಲಿ ಪ್ರಫುಲ್ಲಾ ಅವರ ಮೂಗಿಗೆ ಆ ಹಳೆಯ ಘಾಟು ತಾಗಿತು. ಏನು ಹಚ್ಚಿಕೊಂಡು ಬಂದಿರೆಂದು ಕೇಳಿದರು. ಮೆಡಿಕಲ್ ಅಂಗಡಿಯ ಸ್ಟೆರಾಯ್ಡ್ ಮುಲಾಮನ್ನು ಊರಿನ ಹೊಂಗೆ ಎಣ್ಣೆಗೆ ಕಲಸಿ ಹಚ್ಚುತ್ತಿದ್ದುದು ಆಗ ತಿಳಿಯಿತು.

"ದೊಡ್ಡ ಡಾಕ್ಟರಿಗೆ ಗಲೀಜು ಮೈ ತೋರಿಸುದು ಹೇಗೆ ಮೇಡಂ? ಬರುವ ಮೊದಲು ಒಂದು ವಾರ ಸರೀ ತಿಕ್ಕಿ ಬರ್ತೇನೆ."

"ಪೊಲೀಸರು ಬರುವ ಮೊದಲೇ ಕಳ್ಳನ ಹೆಜ್ಜೆ ಗುಡಿಸಿಬಿಟ್ಟಿರಲ್ಲ, ಐತಣ್ಣ."

ಸ್ಟೆರಾಯ್ಡ್ ರೋಗದ ಕಣಗಳನ್ನು ಮರೆಮಾಚಿಬಿಡುತ್ತದೆಂದು ವಿವರಿಸಿ, ಕೆಲವು ವಾರ ಏನನ್ನೂ ಹಚ್ಚದಿರಲು ಹೇಳಿ, ತುರಿಕೆಗೆ ಕಂಗೆಟ್ಟಾರೆಂದು ಪ್ರತಿ ಭಾನುವಾರ ತಾವೇ ಫೋನ್ ಮಾಡಿ ಧೈರ್ಯ ತುಂಬಿದರು. ಮತ್ತೆ ಪರೀಕ್ಷಿಸಿದಾಗ ಸೂಕ್ಷ್ಮದರ್ಶಕದಡಿ ಚರ್ಮದ ಮೇಲ್ಪದರದುದ್ದಕ್ಕೂ ಸಾಲುಗಟ್ಟಿದ್ದ ಲಿಂಫೋಮಾದ ಕಣಗಳು ಕಂಡವು. "ಬನ್ನಿ, ನೋಡಿ, ಸಿಕ್ಕಿತು," ಎಂದು ಇಡೀ ವಿಭಾಗವನ್ನೇ ಕರೆದವರು, ಹೊರಗೆ ಬೆಂಚಿನಲ್ಲಿದ್ದ ಐತರ ನೆನಪಾಗಿ ತಟ್ಟನೆ ದನಿ ತಗ್ಗಿಸಿದರು. ಆಮೇಲೆ ಪಕ್ಕದಲ್ಲಿ ಕೂತು, ಇದು ಕ್ಯಾನ್ಸರೇ ಹೌದು, ಆದರೆ ಚರ್ಮ ದಾಟಿಲ್ಲ, ಬೆಳಕಿನ ಚಿಕಿತ್ಸೆಯಿಂದ ಹತೋಟಿಗೆ ಬರುತ್ತದೆ, ಯಾರಿಗೂ ಅಂಟುವುದಿಲ್ಲ ಎಂದು ಬಿಡಿಸಿ ಹೇಳಿದರು.

ಹೇಳಿದ್ದು ಸಾಲದೆಂದು ಹೋಟೆಲಿಗೇ ಹೋಗಿ, ಐತರೇ ದೋಸೆ ಹುಯ್ಯಬೇಕೆಂದು ಹಟ ಹಿಡಿದು, ಧನರಾಜರೆದುರೇ ಚೂರೂ ಬಿಡದೆ ತಿಂದರು. ಮರುದಿನದಿಂದ ಕಾವಲಿ ಐತರದಾಯಿತು. ಬೆಳಕಿನ ಚಿಕಿತ್ಸೆಯಿಂದ ಮಚ್ಚೆಗಳೂ ಮಾಸಿದವು.

ಈಗ ನಿವೃತ್ತರಾಗಿರುವ ಪ್ರಫುಲ್ಲಾ ಅವರ ಆ ಬೆಚ್ಚನೆಯ ಅಂಗೈಗಳಿಗೆ ದೀರ್ಘಾಯುಷ್ಯವಿರಲಿ. ನಿವೃತ್ತಿಯ ನಂತರವೂ ವಾರಕ್ಕೊಮ್ಮೆ ಬಂದು ಕಿರಿಯರಿಗೆ ಕಲಿಸುವೆನೆಂಬ ಅವರ ಮಾತು ಬಹುಕಾಲ ನಡೆಯಲಿ. ಬೀಳ್ಕೊಡುಗೆಯ ದಿನ ಹಾರ ಹಿಡಿದವರ ಸಾಲು ಕರಗುವವರೆಗೂ ಐತ ಬಾಗಿಲ ಬಳಿಯೇ ನಿಂತಿದ್ದರು. ಕೊನೆಗೆ ಬಂದು, ಬಾಳೆಲೆಯಲ್ಲಿ ಸುತ್ತಿದ ಬಿಸಿ ದೋಸೆಯ ಡಬ್ಬಿಯನ್ನು ಪ್ರಫುಲ್ಲಾ ಅವರ ಕೈಗಿತ್ತರು.