ಗೋಡೆಯ ಆಚೆ ನಿಂತ ಮಗಳು

ನನಗೆ ಒಂದೇ ಮಗು. ಗಂಡೆಂದು ಹೆಸರಿಟ್ಟು ದೀಕ್ಷಾಸ್ನಾನ ಮಾಡಿಸಿದ್ದೆವು. ಈಗ ಮಗಳೆಂದೇ ಬರೆಯುತ್ತೇನೆ. ಹಾಗೆ ಕರೆಯಲು ನಾನು ಕಲಿಯುವಷ್ಟರಲ್ಲಿ ಬಹಳ ತಡವಾಗಿತ್ತು.

ನಾವು ಗದಗಿನ ಕ್ರೈಸ್ತರು. ಬ್ಯಾಂಕಿನ ವರ್ಗಾವಣೆ ನನ್ನನ್ನು ವಿಶಾಖಪಟ್ಟಣಕ್ಕೆ ತಂದಾಗ ಅವಳಿಗೆ ಮೂರು ವರ್ಷ. ಗಂಡ ಅಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುವ ಕೆಲಸ ಹಿಡಿದರು. ಭಾನುವಾರ ತೆಲುಗು ಸಭೆಗೆ ಹೋಗುತ್ತಿದ್ದೆವು. ಪಾದ್ರಿಯನ್ನು ಅಲ್ಲಿ ಅಯ್ಯಗಾರು ಎನ್ನುತ್ತಾರೆ. ಮಗಳಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಹಾಗಾಗಿ ಸಂಜೆಯ ಪ್ರಾರ್ಥನೆಯಲ್ಲಿ ನಮ್ಮ ಕನ್ನಡ ಬೈಬಲನ್ನು ನಾನೇ ಗಟ್ಟಿಯಾಗಿ ಓದುತ್ತಿದ್ದೆ.

ಹತ್ತೊಂಬತ್ತು ತುಂಬಿದ ವರ್ಷ, ಒಂದು ಸಂಜೆ, ಪ್ರಾರ್ಥನೆ ಮುಗಿದ ಮೇಲೆ ಅವಳು ನನ್ನ ಕೈ ಹಿಡಿದು, ತಾನು ಒಳಗಿನಿಂದ ಯಾವತ್ತೂ ಹೆಣ್ಣೇ, ಇನ್ನು ಮುಚ್ಚಿಡಲಾರೆ ಎಂದಳು. ನಾನು ಅಯ್ಯಗಾರರ ಬಳಿ ಓಡಿದೆ. ಅವರು ಬೈಯಲಿಲ್ಲ. ಉಪವಾಸವಿದ್ದು ಪ್ರಾರ್ಥಿಸಿ ಎಂದರು. ಬೈಬಲಿನ ಧರ್ಮೋಪದೇಶಕಾಂಡದ ಎರಡು ವಚನಗಳನ್ನು ಚೀಟಿಯಲ್ಲಿ ಬರೆದುಕೊಟ್ಟರು. ಗಂಡಸು ಹೆಂಗಸಿನ ಬಟ್ಟೆ ಉಡುವುದು ದೇವರಿಗೆ ಅಸಹ್ಯ ಎನ್ನುವುದೊಂದು. ಗಂಡಸುತನ ಕಳೆದುಕೊಂಡವನು ದೇವರ ಸಭೆಗೆ ಸೇರಕೂಡದು ಎನ್ನುವುದು ಇನ್ನೊಂದು. ಎರಡನ್ನೂ ಅವಳ ಎದುರು ಓದಿದೆ. ಮೊದಲನೆಯದನ್ನು ಎರಡು ಸಲ ಓದಿದೆ.

"ಅವ್ವಾ, ಇದು ದೇವರ ಮಾತೋ, ನಿಂದೋ?" ಎಂದು ಕೇಳಿದಳು.

"ಎರಡೂ ಒಂದ," ಎಂದೆ.

ಬೆಳಿಗ್ಗೆ ಅವಳ ಮಂಚ ಖಾಲಿಯಿತ್ತು. ವಿಜಯವಾಡದಲ್ಲಿ ತನ್ನಂಥವರ ಜೊತೆ ಇದ್ದೇನೆಂದು ಅಪ್ಪನಿಗೆ ಮಾತ್ರ ಫೋನ್ ಮಾಡಿದಳು. ಮೂರು ವರ್ಷ, ಅವರಿಬ್ಬರೂ ಮಾತಾಡುವಾಗಲೆಲ್ಲ, ಕೇಳಿಸಬಾರದೆಂದು ನಾನು ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದೆ.

ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಅವರ ಫೋನಿನಿಂದಲೇ ಅವಳಿಗೆ ತಿಳಿಸಿದೆ. ರೈಲು ಹಿಡಿದು ಬಂದಳು. ಬಿಳಿ ಸೀರೆ ಉಟ್ಟಿದ್ದಳು. ಸಮಾಧಿಭೂಮಿಯ ಗೇಟಿನಲ್ಲಿ ಸಭೆಯ ಹಿರಿಯರು ಅಡ್ಡ ನಿಂತರು. ಪ್ಯಾಂಟು ಶರ್ಟು ಹಾಕಿಕೊಂಡರೆ ಮಗನಾಗಿ ಮೊದಲ ಹಿಡಿ ಮಣ್ಣು ಹಾಕಬಹುದು, ಇಲ್ಲವಾದರೆ ಹೊರಗೇ ಇರಬೇಕು ಎಂದು ತೆಲುಗಿನಲ್ಲಿ ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. ಒಬ್ಬರಂತೂ ಮನೆಯಿಂದ ಶರ್ಟು ತರಿಸಲು ಸಿದ್ಧರಾದರು. ಅವಳು ನನ್ನತ್ತ ನೋಡಿದಳು. ಸತ್ತವರ ಹೆಂಡತಿ ನಾನು. ಒಂದು ಮಾತು ಆಡಿದ್ದರೆ ಮೀರುವವರು ಯಾರೂ ಇರಲಿಲ್ಲ. ನಾನು ತಲೆ ತಗ್ಗಿಸಿ ಒಳಗೆ ನಡೆದೆ.

ಒಳಗೆ ನಾವು ಹಾಡುತ್ತಿದ್ದ ಕೀರ್ತನೆಯನ್ನೇ ಅವಳು ಗೋಡೆಯ ಆಚೆ ನಿಂತು ಹಾಡುತ್ತಿದ್ದದ್ದು ಕೇಳಿಸುತ್ತಿತ್ತು. ಹೊರಗೆ ಬಂದಾಗ ಅವಳಿರಲಿಲ್ಲ. ಮರುದಿನದಿಂದ ಅವಳ ನಂಬರೂ ಸಿಗಲಿಲ್ಲ.

ವಿಜಯವಾಡಕ್ಕೆ ವರ್ಗ ಕೇಳಿ ಪಡೆದೆ. ಪ್ರತಿ ಭಾನುವಾರ ಒಂದೊಂದು ಚರ್ಚಿಗೆ ಹೋದೆ. ತೋರಿಸಲು ನನ್ನಲ್ಲಿದ್ದವೆಲ್ಲ ಹುಡುಗನ ಫೋಟೋಗಳೇ. ಮಗಳ ಒಂದು ಚಿತ್ರವೂ ಇರಲಿಲ್ಲ. ಜನ ಫೋಟೋ ನೋಡಿ, ಈ ಹುಡುಗನನ್ನು ಕಂಡಿಲ್ಲವಮ್ಮಾ ಎಂದು ಮರುಗುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ನಾಚಿಕೆ ಇನ್ನೂ ಹೋಗಿರಲಿಲ್ಲ.

ಹುಡುಕಾಟದ ಹನ್ನೊಂದನೆಯ ತಿಂಗಳು, ಊರಿನ ಹಳೆಯ ಪೇಟೆ ಒನ್ ಟೌನಿನಲ್ಲಿ ಸಗಟು ಮೆಣಸಿನಕಾಯಿ ಅಂಗಡಿಯೊಂದರ ಮಹಡಿಯ ಮೇಲೆ ಪ್ರಾರ್ಥನೆ ನಡೆಯುತ್ತದೆಂದು ಯಾರೋ ಹೇಳಿದರು. ಘಾಟಿಗೆ ಕೆಮ್ಮುತ್ತಲೇ ಮೆಟ್ಟಿಲು ಹತ್ತಿದೆ. ನಡೆಸುತ್ತಿದ್ದವರು ನಿವೃತ್ತ ನರ್ಸೊಬ್ಬರು. ಹಮಾಲರು, ಮನೆಗೆಲಸದ ಹೆಂಗಸರು, ನನ್ನ ಮಗಳಂಥ ಐದಾರು ಮಂದಿ ಒಂದೇ ಜಮಖಾನೆಯ ಮೇಲೆ ಕೂತಿದ್ದರು. ಅಂದು ಓದಿದ್ದು ಇಥಿಯೋಪಿಯದ ಕಂಚುಕಿಯ ಕತೆ. ರಥದಲ್ಲಿ ಹೋಗುತ್ತಿದ್ದ ಆತ ದಾರಿಯಲ್ಲಿ ನೀರು ಕಂಡು, ನನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು ಎಂದು ಕೇಳುತ್ತಾನೆ. ರಥದಲ್ಲಿ ಜೊತೆಗೆ ಕೂತು ಯೇಸುವಿನ ವಿಷಯ ಹೇಳುತ್ತಿದ್ದ ಬೋಧಕ ಆಗಲೇ ಅವನೊಡನೆ ನೀರಿಗಿಳಿಯುತ್ತಾನೆ. ಆ ಪುಟವನ್ನು ನಾನು ಎಷ್ಟು ಸಲ ಓದಿದ್ದೆನೋ. ಕಂಚುಕಿಯೆಂದರೆ ರಾಣಿಯ ಖಜಾಂಚಿ ಎಂದಷ್ಟೇ ತಿಳಿದು ಮುಂದೆ ಹೋಗಿದ್ದೆ. ಗಂಡಸುತನ ಕಳೆದುಕೊಂಡವನು ಎಂಬ ಅರ್ಥ ಕಣ್ಣೆದುರಿಗೇ ಇತ್ತು. ಹೊರಗೆ ಹಾಕುವ ವಚನ ಹುಡುಕಲು ಓಡಿದವಳಿಗೆ ಒಳಗೆ ಕರೆಯುವ ಪುಟ ಅದೇ ಪುಸ್ತಕದಲ್ಲಿದ್ದದ್ದು ನೆನಪಾಗಲಿಲ್ಲ.

ಕೀರ್ತನೆ ಶುರುವಾದಾಗ ಹಾರ್ಮೋನಿಯಂ ಮುಂದೆ ಕೂತವಳನ್ನು ನೋಡಿದೆ. ಅವಳೇ. ನುಡಿಸಲು ಯಾವಾಗ ಕಲಿತಳೋ ನನಗೆ ಗೊತ್ತೇ ಇರಲಿಲ್ಲ.

ಮುಗಿದ ಮೇಲೆ ಹತ್ತಿರ ಹೋದೆ. ಅಪರಿಚಿತರಿಗೆ ಹೇಳುವಂತೆ ತೆಲುಗಿನಲ್ಲಿ, ಕುಳಿತುಕೊಳ್ಳಿ ಎಂದಳು. ಕೂರಲಿಲ್ಲ, ಕಾಲು ಹಿಡಿಯಲು ಬಗ್ಗಿದೆ, ಹಿಡಿಯಗೊಡಲಿಲ್ಲ. ತಪ್ಪಾಯಿತು, ಮನೆಗೆ ಬಾ ಎಂದು ಅತ್ತೆ. ಹಾರ್ಮೋನಿಯಂ ಮುಚ್ಚಿಟ್ಟು ಕನ್ನಡದಲ್ಲಿ ಮಾತಾಡಿದಳು.

"ಮನ್ಯಾಗ ಜಾಗಾ ಕೊಡ್ತೀ ಅವ್ವಾ, ಖರೇ. ಅಪ್ಪಗ ಹಾಕೋ ಒಂದು ಹಿಡಿ ಮಣ್ಣು ಹ್ಯಾಂಗ ಕೊಡ್ತಿ?"

ಈಗಲೂ ಪ್ರತಿ ಭಾನುವಾರ ಅಲ್ಲಿಗೆ ಹೋಗುತ್ತೇನೆ. ಅವಳು ನುಡಿಸುತ್ತಾಳೆ, ನನ್ನ ಪಕ್ಕ ಕೂರುವುದಿಲ್ಲ.

ಕಳೆದ ತಿಂಗಳು ವಿಶಾಖಪಟ್ಟಣಕ್ಕೆ ಹೋಗಿ ಹಿರಿಯರ ಮುಂದೆ ನಿಂತೆ. ಅವಳು ಅಪ್ಪನ ಸಮಾಧಿಯ ಬಳಿಗೆ ಸೀರೆಯಲ್ಲೇ ಬರುತ್ತಾಳೆ, ತಡೆಯಬೇಡಿ ಎಂದೆ. ವಚನ ಬದಲಾಗುವುದಿಲ್ಲವಲ್ಲಮ್ಮಾ ಎಂದರು. ಕಂಚುಕಿಯ ಪುಟ ತೆಗೆದು ತೋರಿಸಿದೆ. ಅದು ಬೇರೆ ವಿಷಯ ಎಂದು ಅಯ್ಯಗಾರು ಕನ್ನಡಕ ತೆಗೆದಿಟ್ಟರು. ನೀವು ಬಿಟ್ಟರೂ ಬಿಡದಿದ್ದರೂ ಕರೆದುಕೊಂಡು ಬರುತ್ತೇನೆ ಎಂದು ಹೇಳಿ ಬಂದೆ. ಆದರೆ ನನ್ನ ಜೊತೆ ಬರುತ್ತೀಯಾ ಎಂದು ಅವಳನ್ನು ಕೇಳಲು ಇವತ್ತಿನವರೆಗೂ ನನಗೆ ಧೈರ್ಯ ಸಾಲಿಲ್ಲ.