ಮಾಮಿ ಭಾರತದ ಪ್ರಜೆಯಾದದ್ದು

ಪುಂಜಾಲಕಟ್ಟೆಯ ಶಾಲೆಯಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿದಾಗ ಮೂಡುಬಿದಿರೆಯ ನಮ್ಮ ಮನೆಯಲ್ಲಿ ಸಂತೋಷಕ್ಕಿಂತ ಹೆಚ್ಚು ಗಡಿಬಿಡಿಯಾಯಿತು. ಮದುವೆಯಾಗದ ಹುಡುಗಿ ಅಷ್ಟು ದೂರ ಒಬ್ಬಳೇ ಹೇಗೆ ಇರುವುದು ಎಂದು ಅಪ್ಪ ಕೇಳಿದರು. ಅಲ್ಲಿ ಹೇಗೂ ತಮ್ಮನ ಹೋಟೆಲು ಉಂಟಲ್ಲ, ಅವನ ಮನೆಯಲ್ಲಿರಲಿ ಎಂದು ಅಮ್ಮ ಹೇಳಿದಳು. ಹೇಳಿದ ಮೇಲೆ, "ಅವಳು ಅಡುಗೆ ಹೇಗೆ ಮಾಡ್ತಾಳೋ ಏನೋ" ಎಂದು ಸೇರಿಸಿದಳು.

ಅವಳು ಎಂದರೆ ಮಾವನ ಹೆಂಡತಿ, ನನ್ನ ಮಾಮಿ. ಮಾವ ಮೀಸೆ ಮೂಡುವ ಮೊದಲೇ ಕೊಲಂಬೊಗೆ ಹೋದವರು. ಹೋಟೆಲಿನಲ್ಲಿ ಲೋಟ ತೊಳೆದು, ಕಾಫಿ ಮಾಡಿ, ಕೊನೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು, ಅಲ್ಲಿಯ ಸಿಂಹಳದ ಹೆಂಗಸೊಬ್ಬಳನ್ನು ಮದುವೆಯಾದರು. ಆಮೇಲೆ ಅಲ್ಲಿ ಭಾರತದವರಿಗೆ ಇರುವುದು ಕಷ್ಟವಾಗುತ್ತ ಬಂದಾಗ ಹೆಂಡತಿಯನ್ನು ಕರೆದುಕೊಂಡು ಹಡಗು, ರೈಲು, ಬಸ್ಸು ಎಂದು ದಾಟಿ ಊರಿಗೆ ಬಂದರು. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ರಸ್ತೆಯಲ್ಲಿ, ಧರ್ಮಸ್ಥಳಕ್ಕೆ ಹೋಗುವ ಬಸ್ಸುಗಳು ನಿಲ್ಲುವ ಕಡೆ ಒಂದು ಸಣ್ಣ ಹೋಟೆಲು ಇಟ್ಟರು.

ಮಾಮಿಯ ಅಡುಗೆಯ ಬಗ್ಗೆ ಅಮ್ಮನಿಗಿದ್ದ ಸಂಶಯ ನನಗೆ ಮೊದಲ ಬೆಳಿಗ್ಗೆಯೇ ಪರಿಹಾರವಾಯಿತು. ಆಕೆ ಬಾಳೆಲೆಯಲ್ಲಿ ಬಡಿಸಿದ್ದು ನಮ್ಮದೇ ಒತ್ತುಶ್ಯಾವಿಗೆ, ಅದರ ಜೊತೆಗೆ ಒಣಮೆಣಸು ಹಾಕಿ ಅರೆದ ಕೆಂಪು ತೆಂಗಿನಕಾಯಿ ಚಟ್ನಿ. "ಇದು ನಮ್ಮ ಊರಿನ ತಿಂಡಿ" ಎಂದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ.

ಮಾಮಿಗೆ ತುಳು ಚೆನ್ನಾಗಿ ಬರುತ್ತಿತ್ತು. ಜಗಳಕ್ಕೆ ಬೇಕಾಗುವಷ್ಟು ಬರುತ್ತಿತ್ತು. ಮನೆಯಲ್ಲಿ, ಹೋಟೆಲಿನಲ್ಲಿ ಎಲ್ಲ ಮಾತೂ ತುಳುವಿನಲ್ಲೇ. ಇಲ್ಲಿ ನಾನು ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೇ. ಆದರೆ ಮಾಮಿಗೆ ಕನ್ನಡ ಬರುತ್ತಿರಲಿಲ್ಲ. ಬೇಕು ಅಂತ ಅನಿಸಿಯೂ ಇರಲಿಲ್ಲ.

ಬೇಕಾದದ್ದು ಹೇಗೆಂದರೆ, ಮಾಮಿ ಇನ್ನೂ ಸಿಲೋನಿನ ಪಾಸ್‌ಪೋರ್ಟಿನವರೇ ಆಗಿದ್ದರು. ಇಲ್ಲಿ ಇರಲು ಕೊಟ್ಟ ಅನುಮತಿ ಮುಗಿಯುತ್ತ ಬಂದಾಗಲೆಲ್ಲ ಮಾವ ಬಸ್ಸು ಹತ್ತಿ ಮಂಗಳೂರಿಗೆ ಹೋಗಿ ಅರ್ಜಿ ಕೊಟ್ಟು, ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದರು. ಒಮ್ಮೆ ಅಲ್ಲಿ ಯಾರೋ, "ಪ್ರತಿ ಸಲ ಹೀಗೆ ಕೊಡಲಿಕ್ಕೆ ಆಗುವುದಿಲ್ಲ, ಒಂದು ದಿನ ವಾಪಸು ಕಳಿಸಬೇಕಾದೀತು" ಎಂದುಬಿಟ್ಟರು. ಆ ದಿನ ಮಾವ ಊಟ ಮಾಡಲಿಲ್ಲ. ಮರುದಿನ ಬಂಟ್ವಾಳದ ಒಬ್ಬ ವಕೀಲರಲ್ಲಿಗೆ ಹೋದರು. ವಕೀಲರು ನಕ್ಕು, "ನೀವು ಭಾರತದ ಪ್ರಜೆ. ನಿಮ್ಮ ಹೆಂಡತಿಯೂ ಪ್ರಜೆ ಆಗ್ಲಿಕ್ಕೆ ಕಾನೂನಿನಲ್ಲೇ ದಾರಿ ಉಂಟು. ಇಷ್ಟು ದಿನ ಎಂತಕ್ಕೆ ಸುಮ್ಮನಿದ್ದದ್ದು ಮಾರಾಯ್ರೆ?" ಎಂದರಂತೆ. ಅರ್ಜಿ ಹೋಯಿತು. ಪೊಲೀಸು ವಿಚಾರಣೆ ಆಗುತ್ತದೆ, ತಹಶೀಲ್ದಾರರು ಕರೆದು ಮಾತಾಡಿಸುತ್ತಾರೆ, ದೇಶದ ವಿಷಯ ಏನಾದರೂ ಕೇಳಿಯಾರು, ಸ್ವಲ್ಪ ಕನ್ನಡವೂ ಗೊತ್ತಿರಲಿ ಎಂದು ವಕೀಲರು ಹೇಳಿ ಕಳಿಸಿದರು.

"ಟೀಚರ್ ಮನೆಯಲ್ಲೇ ಉಂಟಲ್ಲ" ಎಂದು ಮಾವ ನನ್ನ ಕಡೆ ನೋಡಿದರು.

ಹಾಗೆ ನಮ್ಮ ಪಾಠ ಸುರುವಾಯಿತು. ಸಂಜೆ ಶಾಲೆ ಬಿಟ್ಟು ನಾನು ಬರುವ ಹೊತ್ತಿಗೆ ಹೋಟೆಲಿನಲ್ಲಿ ಜನ ಕಡಿಮೆ. ಹಿಂದಿನ ಬೆಂಚಿನಲ್ಲಿ ಕುಳಿತು ಶಾಲೆಯ ಪೌರನೀತಿ ಪುಸ್ತಕ ತೆರೆಯುತ್ತಿದ್ದೆವು. ಅಕ್ಷರ ಕಲಿಯುವುದು ಮಾಮಿಗೆ ಕಷ್ಟವಾಗಲಿಲ್ಲ. ಅವರ ಅಕ್ಷರಗಳೂ ನಮ್ಮ ಹಾಗೆ ದುಂಡುದುಂಡು. ಕಷ್ಟವಾದದ್ದು ನನಗೆ. ಪುಸ್ತಕದಲ್ಲಿದ್ದದ್ದನ್ನು ನಾನು ಮಕ್ಕಳಿಗೆ ಬಾಯಿಪಾಠ ಮಾಡಿಸಿ ಅಭ್ಯಾಸ. ಮಕ್ಕಳು ಪ್ರಶ್ನೆ ಕೇಳುವುದಿಲ್ಲ. ಮಾಮಿ ಕೇಳುತ್ತಿದ್ದರು.

"ನಮ್ಮಲ್ಲಿ ರಾಣಿ ಇದ್ದಾಳೆ, ಲಂಡನ್ನಿನಲ್ಲಿ. ಇಲ್ಲಿ ಯಾರು?"

"ಇಲ್ಲಿ ರಾಣಿಯೂ ಇಲ್ಲ, ರಾಜನೂ ಇಲ್ಲ ಮಾಮಿ. ರಾಷ್ಟ್ರಪತಿ."

"ಅವರ ಮಗ ಆಮೇಲೆ ರಾಷ್ಟ್ರಪತಿಯಾ?"

"ಅಲ್ಲ. ಅದಕ್ಕೆ ಚುನಾವಣೆ."

"ಹಾಗಾದರೆ ನಾಣ್ಯದ ಮೇಲೆ ಯಾರ ತಲೆ?"

ಹೊಸ ಪೈಸೆಯೊಂದನ್ನು ತೆಗೆದು ತೋರಿಸಿದೆ. ಮೂರು ಸಿಂಹಗಳನ್ನು ನೋಡಿ ಮಾಮಿ ಜೋರಾಗಿ ನಕ್ಕರು. ಸಿಂಹಳದವರಿಗೆ ಸಿಂಹ ಎಂದರೆ ಕುಲದ ಗುರುತು, ಅವರ ಬಾವುಟದಲ್ಲೂ ಅದೇ. "ಇದು ನನಗಿಂತ ಮೊದಲೇ ಬಂದಿದೆ!" ಎಂದರು. ಪುಸ್ತಕದಲ್ಲಿ ನಮ್ಮ ಧ್ವಜದ ಚಿತ್ರವಿತ್ತು. ನಡುವಿನ ಚಕ್ರದ ಮೇಲೆ ಬೆರಳಿಟ್ಟು, "ಇದು ಬುದ್ಧನ ಚಕ್ರವಲ್ಲವಾ?" ಎಂದು ಕೇಳಿದರು. ಹೌದು, ಧರ್ಮಚಕ್ರ ಎಂದೆ. ಅವರು ನಗಲಿಲ್ಲ. ಪುಸ್ತಕಕ್ಕೆ ಕೈಮುಗಿದು, ಆ ದಿನದ ಪಾಠ ಸಾಕು ಎಂದು ಒಳಗೆ ಹೋದರು.

ನಮ್ಮ ರಾಜ್ಯದ ಪಾಠ ಬಂದಾಗ ಹೋಟೆಲಿನಲ್ಲೇ ಜಗಳವಾಯಿತು. ನಾನು ಚಿಕ್ಕವಳಾಗಿ ಶಾಲೆಗೆ ಹೋಗುವಾಗ ನಮ್ಮದು ಮದ್ರಾಸು ರಾಜ್ಯ. ಈಗ ಮೈಸೂರು ರಾಜ್ಯ, ರಾಜಧಾನಿ ಬೆಂಗಳೂರು. ಇದನ್ನು ಹೇಳುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಚಾ ಕುಡಿಯುತ್ತಿದ್ದ ಬ್ಯಾರಿ ಸಾಹೇಬರು ತಲೆಯೆತ್ತಿದರು. ಅವರು ಅಡಿಕೆ ವ್ಯಾಪಾರಿ, ನಮ್ಮ ಪಂಚಾಯತಿನ ಮೆಂಬರು, ದಿನಾ ಬಂದು ಬಸ್ಸು ಕಾಯುತ್ತ ಒಂದು ಚಾವನ್ನು ಬಹಳ ಹೊತ್ತು ಕುಡಿಯುವವರು.

"ಮೈಸೂರು ರಾಜ್ಯದ ರಾಜಧಾನಿ ಬೆಂಗಳೂರು ಹೇಗಾಗ್ತದೆ ಟೀಚರೇ? ಮೈಸೂರೇ ಆಗ್ಬೇಕಲ್ಲ."

"ಬೆಂಗಳೂರೇ ಸಾಹೇಬರೇ, ಪುಸ್ತಕದಲ್ಲಿ ಉಂಟು."

"ನನ್ನ ಭಾವ ಈಗಲೂ ಅರ್ಜಿಯನ್ನು ಮದ್ರಾಸಿಗೇ ಬರೀತಾನೆ" ಎಂದು ಇನ್ಯಾರೋ ಹೇಳಿದರು. ಒಬ್ಬರು ಬೊಂಬಾಯಿ ಎಂದರು. ಮಾಮಿ ಎಲ್ಲರ ಮುಖ ನೋಡಿ, "ನಿಮಗೆ ಯಾರಿಗೂ ಗೊತ್ತಿಲ್ಲದಿದ್ದರೂ ನೀವು ಪ್ರಜೆಗಳೇ ಅಲ್ಲವಾ?" ಎಂದು ಕೇಳಿದರು. ಹೋಟೆಲಿಡೀ ನಗು. ಸಾಹೇಬರ ಚಾ ಅಂಗಿಯ ಮೇಲೆ ಚೆಲ್ಲಿತು.

ಮಾಮಿಗೆ ಬಹಳ ಹಿಡಿಸಿದ್ದು ಗ್ರಾಮ ಪಂಚಾಯತಿನ ಪಾಠ. ಊರಿನ ದಾರಿ, ದೀಪ, ಸಾರ್ವಜನಿಕ ಬಾವಿ ಇವುಗಳನ್ನು ನೋಡಿಕೊಳ್ಳುವುದು ಪಂಚಾಯತಿನ ಕರ್ತವ್ಯ ಎಂದು ಪುಸ್ತಕದಲ್ಲಿತ್ತು. ನಮ್ಮ ಬಸ್ಸು ನಿಲ್ಲುವಲ್ಲಿಯ ಬಾವಿಯ ಕಟ್ಟೆ ಹಿಂದಿನ ಮಳೆಗಾಲದಲ್ಲಿ ಒಂದು ಬದಿ ಕುಸಿದು, ಅಡ್ಡಕ್ಕೆ ಒಂದು ತೆಂಗಿನ ಮರದ ತುಂಡು ಇಟ್ಟಿದ್ದರು. ಮರುದಿನ ಸಾಹೇಬರು ಚಾಕ್ಕೆ ಕುಳಿತ ಕೂಡಲೇ ಮಾಮಿ ಅಡುಗೆಮನೆಯಿಂದ ಹೊರಗೆ ಬಂದರು.

"ಸಾಹೇಬರೇ, ಆ ಬಾವಿ ಯಾರದ್ದು?"

"ಪಂಚಾಯತಿದ್ದು, ಅಕ್ಕ."

"ಪಂಚಾಯತು ಯಾರದ್ದು?"

"ಊರವರದ್ದು."

"ಮತ್ತೆ ಕಟ್ಟೆ ಕಟ್ಟಿಸಲಿಕ್ಕೆ ಯಾರಿಗೆ ಹೇಳಬೇಕು?"

ಸಾಹೇಬರಿಗೆ ತಮಾಷೆ ಮಾಡುವ ಮನಸ್ಸಾಯಿತು. "ಹೇಳ್ಬಹುದು. ಆದ್ರೆ ನಿಮಗೆ ಇನ್ನೂ ಓಟಿಲ್ಲವಲ್ಲ ಅಕ್ಕ!"

"ಬಾವಿಗೆ ಬೀಳಲಿಕ್ಕೆ ಓಟು ಬೇಕಾ?"

ಸಾಹೇಬರು ಲೋಟ ಕೆಳಗಿಟ್ಟರು. ಬಸ್ಸು ಬಂತು, ಹತ್ತಿ ಹೋದರು. ಮಾವ ಒಳಗೆ ಬಂದು, "ಅರ್ಜಿ ಕೊಟ್ಟಿರುವಾಗ ಊರವರ ಹತ್ರ ಹೀಗೆ ಮಾತಾಡ್ಬಾರ್ದು, ನಾಳೆ ಅವರೇ ಬೇಡ ಅಂದ್ರೆ?" ಎಂದು ಮಾಮಿಯನ್ನು ಬೈದರು. ಆದರೆ ಸಾಹೇಬರು ಪಂಚಾಯತಿನಲ್ಲಿ ಏನು ಹೇಳಿದರೋ, ಸ್ವಲ್ಪ ದಿನದಲ್ಲೇ ಕೆಂಪು ಕಲ್ಲು ಬಂದು ಬಿತ್ತು, ಮೇಸ್ತ್ರಿ ಬಂದ. ಕಟ್ಟೆ ಎದ್ದು ನಿಂತಿತು. ಆಮೇಲೆ ಹೋಟೆಲಿಗೆ ಬರುವವರೆಲ್ಲ ತಮ್ಮ ತಮ್ಮ ದಾರಿಯ, ಮೋರಿಯ ವಿಷಯ ಮಾಮಿಗೆ ಹೇಳಲು ಸುರುಮಾಡಿದರು.

ಮಾವನಿಗೆ ಹೆಚ್ಚು ಹೆದರಿಕೆ ಇದ್ದದ್ದು ನೆರೆಮನೆಯ ಅಕ್ಕನದ್ದು. ಆಕೆ ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರು, ಒಂದು ಹಿಂಡು ಕೋಳಿ ಸಾಕಿದ್ದರು. ಮಾಮಿ ಅಂಗಳದಲ್ಲಿ ಒಣಗಲು ಹಾಕಿದ ಅಕ್ಕಿಗೆ ಆ ಕೋಳಿಗಳು ಬರುತ್ತಿದ್ದವು. ಮಾಮಿ ಕೋಲು ಬೀಸಿದ್ದು ಒಂದು ಹುಂಜದ ಕಾಲಿಗೆ ತಾಗಿ, ಅದರ ಮೇಲೆ ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಬೇಲಿಯ ಎರಡು ಬದಿಯಲ್ಲಿ ನಿಂತು ಒಬ್ಬರಿಗೊಬ್ಬರು ಕೇಳಿಸುವ ಹಾಗೆ ಕೋಳಿಗೆ ಬೈಯುತ್ತಿದ್ದರು, ಅಷ್ಟೇ.

ಪೊಲೀಸು ವಿಚಾರಣೆಗೆ ಹೆಡ್ ಕಾನ್‌ಸ್ಟೇಬಲ್ ಸೈಕಲಿನಲ್ಲಿ ಬಂದವರು ಮೊದಲು ನಿಲ್ಲಿಸಿದ್ದು ಆ ಅಕ್ಕನ ಮನೆಯ ಎದುರೇ. ಅದು ಶಾಲೆ ಬಿಡುವ ಹೊತ್ತು. ನಾನು ಬೇಲಿಯ ಈಚೆ ಬರುತ್ತಿದ್ದವಳು ಅಲ್ಲೇ ನಿಂತೆ. ಮಾವ ಹೋಟೆಲಿನ ಬಾಗಿಲಲ್ಲಿ ಕೈಯೊರಸುವ ಬಟ್ಟೆ ಹಿಡಿದುಕೊಂಡು ನಿಂತಿದ್ದರು. ಮುಖದಲ್ಲಿ ಬೆವರು.

"ಆ ಹೋಟೆಲಿನ ಹೆಂಗಸು ಗೊತ್ತುಂಟಾ ನಿಮಗೆ?"

"ಗೊತ್ತಿಲ್ಲದೆ ಎಂತ? ಅವಳ ಹತ್ರ ನಾನು ಮಾತಾಡುವುದಿಲ್ಲ."

"ಯಾಕೆ? ನಡತೆ ಸರಿ ಇಲ್ವಾ?"

ಬೀಡಿ ಎಲೆಯ ಮೊರವನ್ನು ಅಕ್ಕ ಬದಿಗಿಟ್ಟರು. "ನಡತೆಗೆ ಎಂತ ಆಗಿದೆ ಸ್ವಾಮೀ? ನನ್ನ ಕೋಳಿಗೆ ಹೊಡೆದಳು, ಅದಕ್ಕೆ ಸಿಟ್ಟು. ಕಳೆದ ಮಳೆಗಾಲದಲ್ಲಿ ನನಗೆ ಜ್ವರ ಬಂದಾಗ ಗಂಜಿ ತಂದುಕೊಟ್ಟವಳೂ ಅವಳೇ. ಸಿಟ್ಟು ನಮ್ಮೊಳಗಿನದ್ದು. ಅದನ್ನು ಬರ್ಕೊಳ್ಬೇಡಿ."

"ಅವರು ಇಲ್ಲಿ ಇರುವುದರಲ್ಲಿ ನಿಮ್ಮದು ಏನೂ ಅಡ್ಡಿ ಇಲ್ವಾ ಹಾಗಾದ್ರೆ?"

"ಅವಳು ಹೋದ್ರೆ ನಾನು ಯಾರ ಹತ್ರ ಮಾತಾಡದೆ ಇರುವುದು?"

ಹೆಡ್ ಕಾನ್‌ಸ್ಟೇಬಲರು ನಗು ತಡೆದುಕೊಂಡು ಏನೋ ಬರೆದುಕೊಂಡರು. ಆಮೇಲೆ ನಮ್ಮ ಹೋಟೆಲಿಗೇ ಬಂದು ಎರಡು ಬನ್ಸ್ ತಿಂದರು. ಆ ಸಂಜೆ ಮಾಮಿ ಒಂದು ತಟ್ಟೆಯಲ್ಲಿ ಶ್ಯಾವಿಗೆ ಹಾಕಿ ಬೇಲಿಯ ಆಚೆ ನೀಡಿದರು. ಅಕ್ಕ ತೆಗೆದುಕೊಂಡರು. ಅದರಲ್ಲಿ ಸ್ವಲ್ಪ ಕೋಳಿಗೂ ಹಾಕಿದರು, ಮಾಮಿಗೆ ಕಾಣುವ ಹಾಗೆ.

ತಹಶೀಲ್ದಾರರು ಕರೆದದ್ದು ಬಂಟ್ವಾಳಕ್ಕೆ. ಶಾಲೆಗೆ ರಜೆ ಹಾಕಿ ನಾನೂ ಹೋದೆ. ಬಸ್ಸಿನಲ್ಲಿ ಮಾಮಿ ಕಣ್ಣು ಮುಚ್ಚಿಕೊಂಡು ರಾಷ್ಟ್ರಪತಿ, ಪ್ರಧಾನಮಂತ್ರಿ, ಲೋಕಸಭೆ, ರಾಜ್ಯಸಭೆ ಎಂದು ಜಪ ಮಾಡುವವರ ಹಾಗೆ ಹೇಳಿಕೊಳ್ಳುತ್ತಿದ್ದರು. ಮುಂದಿನ ಸೀಟಿನ ಮುದುಕರೊಬ್ಬರು ತಿರುಗಿ ನೋಡಿ, ಏನೋ ಹರಕೆಯಿರಬೇಕು ಎಂದುಕೊಂಡು ಸುಮ್ಮನಾದರು.

ತಹಶೀಲ್ದಾರರು ಮೈಸೂರು ಕಡೆಯವರು, ನಮ್ಮಲ್ಲಿಗೆ ವರ್ಗವಾಗಿ ಬಂದು ಬಹಳ ದಿನ ಆಗಿರಲಿಲ್ಲ. "ಬನ್ನಿ ತಾಯೀ, ಕೂತ್ಕೊಳ್ಳಿ. ಈ ಕಡೆಗ್ ಬಂದು ಎಷ್ಟು ವರ್ಷ ಆಯ್ತು?" ಎಂದು ಕೇಳಿದರು.

ಮಾಮಿ ಗಾಬರಿಯಿಂದ ನನ್ನ ಕಡೆ ಬಾಗಿ, "ಇವರಿಗೆ ಕನ್ನಡ ಬರುವುದಿಲ್ಲವಾ?" ಎಂದು ತುಳುವಿನಲ್ಲಿ ಪಿಸುಗುಟ್ಟಿದರು. ನಾನು ಕಲಿಸಿದ್ದು ಪುಸ್ತಕದ ಕನ್ನಡ. ಅವರಿಗೆ ಗೊತ್ತಿದ್ದ ಕನ್ನಡ ಅದೊಂದೇ. ನಾನು ಪ್ರಶ್ನೆಯನ್ನು ಬಿಡಿಸಿ ಹೇಳಿದ ಮೇಲೆ ಮಾಮಿ ನೆಟ್ಟಗೆ ಕುಳಿತು ಉತ್ತರಿಸಿದರು. "ನಾನು ಈ ಊರಿಗೆ ಆಗಮಿಸಿ ಹಲವು ವರ್ಷಗಳು ಸಂದಿವೆ, ಸ್ವಾಮೀ."

ತಹಶೀಲ್ದಾರರು ಪೆನ್ನು ಕೆಳಗಿಟ್ಟು ನಕ್ಕರು. "ಇಷ್ಟು ಶುದ್ಧವಾದ ಕನ್ನಡ ನಮ್ಮೂರಲ್ಲಿ ಮೇಷ್ಟ್ರೂ ಆಡಲ್ಲ ತಾಯೀ. ತುಳು ಬರುತ್ತಾ?"

"ಬರುತ್ತದೆ."

"ನಂಗೆ ಬರ್ತಿಲ್ಲ, ನೋಡಿ. ಇಲ್ಲಿನವರ ಕನ್ನಡವೂ ಒಂದೊಂದ್ಸಲ ತಿಳಿಯಲ್ಲ. ಏನು ಕೇಳಿದ್ರೂ 'ನಾಳೆ ನೋಡುವ' ಅಂತಾರೆ. ಯಾರು ನೋಡೋದು? ನಾನೋ, ಅವರೋ?"

ಮಾಮಿ ಈ ಪ್ರಶ್ನೆಯನ್ನು ಪರೀಕ್ಷೆಯ ಪ್ರಶ್ನೆ ಎಂದೇ ತಿಳಿದರು. ಸ್ವಲ್ಪ ಯೋಚಿಸಿ, "ಎಲ್ಲರೂ ಸೇರಿ ನೋಡುವುದು, ಸ್ವಾಮೀ. ಇಲ್ಲಿ ಒಬ್ಬರೇ ನೋಡುವುದಿಲ್ಲ" ಎಂದರು. ತಹಶೀಲ್ದಾರರು ಇಲ್ಲಿಯ ಕುಚ್ಚಲಕ್ಕಿ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ ಎಂದದ್ದಕ್ಕೆ ಮಾಮಿ, ಮೊದಮೊದಲು ಅದನ್ನು ಗಂಜಿ ಮಾಡಿ ಉಪ್ಪಿನಕಾಯಿಯ ಜೊತೆ ಉಣ್ಣಬೇಕು, ತಾನೂ ಹಾಗೇ ಸುರುಮಾಡಿದ್ದು ಎಂದೂ ಹೇಳಿದರು. ದೇಶದ ವಿಷಯ ಅವರು ಕೇಳಿದ್ದು ಒಂದೇ ಪ್ರಶ್ನೆ. ಗ್ರಾಮ ಪಂಚಾಯತಿ ಏನು ಮಾಡುತ್ತದೆ ಗೊತ್ತೇ ಎಂದು. ಮಾಮಿ ಪುಸ್ತಕದ ಉತ್ತರ ಮರೆತು ಬಾವಿಯ ಕತೆ ಹೇಳಿದರು. ಕನ್ನಡ ಸಾಲದೆ ಹೋದಾಗ ತುಳುವಿಗೆ ಹಾರಿದರು, ನಾನು ಅರ್ಥ ಹೇಳಿದೆ. ತಹಶೀಲ್ದಾರರು ಕಡೆಯವರೆಗೂ ಕೇಳಿದರು.

ಅರ್ಜಿ ಮಂಜೂರಾಗಿ, ಪ್ರಮಾಣವಚನಕ್ಕೆ ಮಂಗಳೂರಿಗೆ ಹೋಗುವ ಮುಂಚಿನ ದಿನಗಳಲ್ಲಿ ಮಾತ್ರ ಮಾಮಿ ಮಂಕಾಗಿದ್ದರು. ಹಳೆಯ ಪೌರತ್ವ ಬಿಡುತ್ತೇನೆಂದು ಬರೆದುಕೊಡಬೇಕು, ಪಾಸ್‌ಪೋರ್ಟು ಒಪ್ಪಿಸಬೇಕು. ಅವರ ತಾಯಿ ಇನ್ನೂ ಅಲ್ಲಿದ್ದರು. "ಇನ್ನು ನಾನು ಅಮ್ಮನಿಗೆ ಪರದೇಶದವಳಾಗ್ತೇನಾ?" ಎಂದು ನನ್ನನ್ನು ಕೇಳಿದರು. ಮಾವ, "ಬೇಡವಾದ್ರೆ ಬೇಡ, ಈಗಲೂ ನಿಲ್ಲಿಸುವ. ವರ್ಷವರ್ಷ ನಾನು ಓಡಾಡ್ತೇನೆ" ಎಂದರು. ಮಾಮಿ ಹಿಟ್ಟು ಕಲಸುತ್ತ ಕುಳಿತರು. ಬೆಳಿಗ್ಗೆ ನೋಡಿದರೆ ಒಳ್ಳೆಯ ಸೀರೆ ಉಟ್ಟು, ಕೊಡೆ ಹಿಡಿದು, ಮಾವನಿಗಿಂತ ಮೊದಲು ಬಸ್ಸಿನ ದಾರಿಯಲ್ಲಿ ನಿಂತಿದ್ದರು.

ಕಚೇರಿಯಲ್ಲಿ ಅಧಿಕಾರಿಗಳು ಒಂದೊಂದೇ ಮಾತು ಹೇಳಿಕೊಟ್ಟರು, ಮಾಮಿ ಅದನ್ನೇ ತಿರುಗಿ ಹೇಳಿದರು. ಸಂವಿಧಾನಕ್ಕೆ ನಿಷ್ಠೆ, ಕಾನೂನಿಗೆ ವಿಧೇಯತೆ, ಪ್ರಜೆಯ ಕರ್ತವ್ಯ. 'ಸಂವಿಧಾನ' ಎಂಬ ಶಬ್ದದಲ್ಲಿ ಒಮ್ಮೆ ತಡವರಿಸಿ, ನಿಲ್ಲಿಸಿ, ಮೊದಲಿಂದ ಸರಿಯಾಗಿ ಹೇಳಿದರು. ಎಲ್ಲ ಮುಗಿದ ಮೇಲೆ, "ಅಮ್ಮನನ್ನು ನೋಡಲಿಕ್ಕೆ ಹೋಗಬಹುದಾ ಸ್ವಾಮೀ?" ಎಂದು ಕೇಳಿದರು.

"ಧಾರಾಳ ಹೋಗಿ ಬನ್ನಿ. ಭಾರತದ ಪಾಸ್‌ಪೋರ್ಟಿನಲ್ಲಿ" ಎಂದರು ಅಧಿಕಾರಿಗಳು.

ಮಾಮಿ ಮೆಟ್ಟಿಲು ಇಳಿಯುವಾಗ ಅತ್ತರು. ಕೆಳಗೆ ಬಂದು ಮುಖ ತೊಳೆದು, ಹಸಿವಾಗ್ತದೆ ಎಂದರು. ಮೂವರೂ ಹೊಟ್ಟೆ ತುಂಬ ಮೀನಿನ ಊಟ ಮಾಡಿದೆವು. ಬೇರೆಯವರ ಹೋಟೆಲಿನ ಸಾರು ರುಚಿಯಿಲ್ಲವೆಂದು ಮಾವ ಗೊಣಗಿದರು, ಮಾಮಿ ಇನ್ನೊಮ್ಮೆ ಹಾಕಿಸಿಕೊಂಡರು.

ಮುಂದೆ ಸಿಲೋನಿನಿಂದ ಇನ್ನೂ ಕೆಲವು ಕುಟುಂಬಗಳು ನಮ್ಮ ಕಡೆಗೆ ಹಿಂದಿರುಗಿದವು. ಬಂದವರಿಗೆ ಯಾರೋ ಮಾಮಿಯ ಹೋಟೆಲು ತೋರಿಸುತ್ತಿದ್ದರು. ಯಾವ ಕಚೇರಿಗೆ ಮೊದಲು ಹೋಗಬೇಕು, ಯಾರನ್ನು ಏನೆಂದು ಕರೆಯಬೇಕು, ರೇಷನ್ ಎಲ್ಲಿ, ಓಟಿಗೆ ಹೆಸರು ಸೇರಿಸುವುದು ಹೇಗೆ, ಎಲ್ಲ ಮಾಮಿ ಹೇಳುತ್ತಿದ್ದರು. ಒಮ್ಮೆ, ಬರುವಾಗ ಸಿಂಹಳವಲ್ಲದೆ ಬೇರೆ ಭಾಷೆ ಬಾರದಿದ್ದ ಪುಟ್ಟ ಹುಡುಗಿಯೊಬ್ಬಳಿಗೆ ಕೆಲವು ದಿನ ತುಳು, ಕನ್ನಡದ ನಾಲ್ಕು ಮಾತು ಕಲಿಸಿ, ಅವಳನ್ನು ಶಾಲೆಗೆ ಸೇರಿಸಲು ತಾವೇ ಕೈಹಿಡಿದು ಕರೆತಂದರು. ನಾನು ಹುಡುಗಿಯ ಎದುರು ಕುಳಿತು, ನಿಧಾನವಾಗಿ, "ನಿನ್ನ ಊರು ಯಾವುದು ಮಗಾ?" ಎಂದು ಕೇಳಿದೆ. ಅವಳು ಮಾಮಿಯ ಕಡೆ ನೋಡಿದಳು. ಮಾಮಿ ಬಾಗಿಲಲ್ಲಿ ನಿಂತು, ನೀನೇ ಹೇಳು ಎಂಬಂತೆ ತಲೆಯಾಡಿಸಿದರು.

"ಮುಲ್ಪನೇ" ಎಂದಳು ಹುಡುಗಿ, ತುಳುವಿನಲ್ಲಿ. ಇಲ್ಲೇ ಎಂದು.

ಕನ್ನಡದ ಪ್ರಶ್ನೆಗೆ ತುಳುವಿನ ಉತ್ತರ ಕೇಳಿ ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ನಾನು ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಸ್ಲೇಟು ಕೊಟ್ಟು, ಪಾಠ ಮುಂದುವರಿಸಿದೆ.